ಡಿಕ್ಕಿಯಲ್ಲಿ ಸುವಾರ್ತೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಕ್ರೈಸ್ತ ತಂದೆತಾಯಿಯರಿಗೆ ಧರ್ಮಸಂಕಟ ಶುರು. ತಿಂಗಳ ಕೊನೆಯ ಸಂಜೆ ಬೀದಿಯ ಮಕ್ಕಳೆಲ್ಲ ದೆವ್ವ, ಮಾಟಗಾತಿ, ಅಸ್ಥಿಪಂಜರಗಳ ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಕೇಳುತ್ತಾರೆ. ನಮ್ಮ ಮಗು ಈ ಹ್ಯಾಲೋವಿನ್‌ಗೆ ಹೋಗಬಹುದೋ, ಹೋಗಬಾರದೋ? ಕಳಿಸಿದರೆ ಸೈತಾನ ನಗುತ್ತಾನೆ. ಕಳಿಸದಿದ್ದರೆ ಮರುದಿನ ಶಾಲೆಯಲ್ಲಿ ಉಳಿದ ಮಕ್ಕಳು ನಗುತ್ತಾರೆ. ಇಬ್ಬರೂ ನಗದ ಹಾಗೆ ಒಂದು ದಾರಿ ತೋರಿಸಪ್ಪಾ ಎಂದು ಪ್ರಾರ್ಥಿಸಿದಾಗ ಮೇಲಿನಿಂದ ಬಂದ ಉತ್ತರವೇ ಕಾರಿನ ಡಿಕ್ಕಿ.

ತಮಾಷೆಯಲ್ಲ, ನಿಜ. ‘ಟ್ರಂಕ್ ಆರ್ ಟ್ರೀಟ್’ ಎಂಬ ಈ ಏರ್ಪಾಡು 1990ರ ದಶಕದಿಂದ ಅಲ್ಲಿನ ಸಭೆಗಳಲ್ಲಿ ಹಬ್ಬಿಕೊಂಡು ಈಗ ಶಾಲೆಗಳೂ ನಡೆಸುವಷ್ಟು ಮಾಮೂಲಾಗಿದೆ. ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ವಿಶ್ವಾಸಿಗಳು ಕಾರುಗಳನ್ನು ಹಿಂಬದಿ ಕಾಣುವಂತೆ ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆಗೆದು ಸಿಂಗರಿಸುತ್ತಾರೆ. ಒಂದರಲ್ಲಿ ರಟ್ಟಿನ ನೋಹನ ನಾವೆ, ಒಳಗೆ ಅಂಗಡಿಯಿಂದ ತಂದ ಜಿರಾಫೆ ಬೊಂಬೆಗಳು. ಇನ್ನೊಂದರಲ್ಲಿ ನೀಲಿ ಸೆಲ್ಲೋಫೇನ್ ಹಾಳೆಯ ಕಡಲು, ಯೋನನನ್ನು ನುಂಗಲು ಬಾಯ್ದೆರೆದ ಮೀನು, ಮೀನಿನ ನಾಲಗೆಯ ಮೇಲೊಂದು ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿ ತುಂಬ ಚಾಕೊಲೇಟು. ಮಗು ಡಿಕ್ಕಿಯಿಂದ ಡಿಕ್ಕಿಗೆ ಹೋಗಿ, ಮೀನಿನ ಬಾಯಿಗೆ ಕೈಹಾಕಿ ತನ್ನ ಪಾಲು ತೆಗೆದುಕೊಳ್ಳುತ್ತದೆ. ಅದೇ ಚಾಕೊಲೇಟನ್ನು ಅದೇ ಸಂಜೆ ಎದುರುಮನೆಯ ಅಜ್ಜಿ ಕೊಟ್ಟರೆ ಅಂಧಕಾರದ ಕ್ರಿಯೆ. ಡೀಕನ್ ಸಾಹೇಬರ ಕಾರಿನಿಂದ ಬಂದರೆ ಸುವಾರ್ತೆ.

ಪೋಸ್ಟರಿನಲ್ಲಿ ಹ್ಯಾಲೋವಿನ್ ಎಂಬ ಹೆಸರು ತಪ್ಪಿಯೂ ಬರುವಂತಿಲ್ಲ. ಸುಗ್ಗಿ ಹಬ್ಬ ಎಂದಿರುತ್ತದೆ, ಸುಗ್ಗಿ ಮಾಡಿದವರೊಬ್ಬರೂ ಊರಲ್ಲಿ ಇಲ್ಲದಿದ್ದರೂ. ರಟ್ಟು, ಸೆಲ್ಲೋಫೇನ್, ಚಾಕೊಲೇಟು ಎಲ್ಲ ಬಂದದ್ದು ಮಾತ್ರ ದೆವ್ವದ ಮುಖವಾಡ ಮಾರುವ ಅಂಗಡಿಯಿಂದಲೇ. 2023ರಲ್ಲಿ ಅಮೆರಿಕನ್ನರು ಹ್ಯಾಲೋವಿನ್‌ಗೆ 1,220 ಕೋಟಿ ಡಾಲರ್ ಸುರಿಯುತ್ತಾರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಕಟ್ಟಿತ್ತು. ಆ ಲೆಕ್ಕದಲ್ಲಿ ರಕ್ಷಣೆ ಹೊಂದಿದವರ ಚಾಕೊಲೇಟಿಗೆ ಬೇರೆ ಕಾಲಂ ಇಲ್ಲ.

ವೇಷಕ್ಕೂ ನಿಯಮಗಳಿವೆ. ಭೂತ ಬೇಡ, ಮಾಟಗಾತಿ ಬೇಡ, ಎಲುಬು ಬೇಡ, ರಕ್ತ ಬೇಡ. ಸತ್ಯವೇದದ ಪಾತ್ರಗಳಾದರೆ ಉತ್ತಮ. ಈ ನಿಯಮ ಬರೆದ ಪುಣ್ಯಾತ್ಮರು ಸತ್ಯವೇದವನ್ನು ಸಂಡೆ ಸ್ಕೂಲಿನ ಬಣ್ಣದ ಚಿತ್ರಪಟದಲ್ಲಷ್ಟೇ ಓದಿರಬೇಕು. ದಾವೀದನ ವೇಷ ಹಾಕಿದ ಹುಡುಗನ ಒಂದು ಕೈಯಲ್ಲಿ ಕವಣೆಯಾದರೆ ಇನ್ನೊಂದು ಕೈಯಲ್ಲಿ ಗೊಲ್ಯಾತನ ಕಡಿದ ತಲೆ ಇರಬೇಕಲ್ಲ? ಹೆರೋದ್ಯಳ ಮಗಳಾಗಿ ಬಂದ ಹುಡುಗಿಯ ತಟ್ಟೆಯಲ್ಲಿ ಏನಿರಬೇಕೆಂದು ಮಾರ್ಕನನ್ನು ಕೇಳಿ. ಮಾಟಗಾತಿ ಬೇಕೇ, ಸಮುವೇಲನ ಮೊದಲ ಪುಸ್ತಕದ 28ನೇ ಅಧ್ಯಾಯದಲ್ಲಿ ಏಂದೋರಿನಾಕೆ ಸತ್ತ ಪ್ರವಾದಿಯನ್ನೇ ಎಬ್ಬಿಸಿ ಮಾತಾಡಿಸುತ್ತಾಳೆ. ಎಲುಬು ಬೇಕೇ, ಯೆಹೆಜ್ಕೇಲನ 37ನೇ ಅಧ್ಯಾಯದಲ್ಲಿ ಒಂದು ಕಣಿವೆಯ ತುಂಬ ಒಣಗಿದ ಎಲುಬುಗಳು ಲಟಲಟನೆ ಕೂಡಿಕೊಂಡು ಎದ್ದು ನಿಲ್ಲುತ್ತವೆ. ಮತ್ತಾಯನಂತೂ ಸಮಾಧಿಗಳು ತೆರೆದು ಸತ್ತವರು ಊರೊಳಗೆ ಬಂದು ಅನೇಕರಿಗೆ ಕಾಣಿಸಿಕೊಂಡರೆಂದು ಬರೆದಿಟ್ಟಿದ್ದಾನೆ. ಹಾಲಿವುಡ್ಡಿನವರಿಗೆ ಇಷ್ಟು ಸರಕು ಸಿಕ್ಕಿದ್ದರೆ ಬೇರೆ ಕಥೆಗಾರರನ್ನು ಇಟ್ಟುಕೊಳ್ಳುತ್ತಲೇ ಇರಲಿಲ್ಲ.

ಇನ್ನೂ ಕಟ್ಟುನಿಟ್ಟಿನ ಪ್ರೊಟೆಸ್ಟಂಟರದ್ದು ಬೇರೆ ಉಪಾಯ. 1517ರ ಅಕ್ಟೋಬರ್ 31 ಮಾರ್ಟಿನ್ ಲೂಥರ್ ವಿಟೆನ್‌ಬರ್ಗ್‌ನಲ್ಲಿ 95 ವಾದಗಳನ್ನು ಮುಂದಿಟ್ಟ ದಿನ, ಆದ್ದರಿಂದ ನಮ್ಮ ಮನೆಯಲ್ಲಿ ಅಂದು ಸುಧಾರಣೆಯ ಹಬ್ಬ. ಮಗನಿಗೆ ಕಪ್ಪು ನಿಲುವಂಗಿ, ಕೈಯಲ್ಲಿ ಆಟಿಕೆ ಸುತ್ತಿಗೆ. ಆದರೆ ಲೂಥರ್ ಆ ತಾರೀಕು ಹಿಡಿದದ್ದೇಕೆ? ಮರುದಿನ ಸಕಲ ಸಂತರ ಹಬ್ಬ. ಅಲ್ಲಿನ ದೊರೆ ಫ್ರೆಡ್ರಿಕ್ ಕೂಡಿಟ್ಟಿದ್ದ ಸಂತರ ಎಲುಬು, ಕೂದಲು, ಬಟ್ಟೆಚೂರುಗಳ ದರ್ಶನಕ್ಕೆ ಕೋಟೆಯ ಚರ್ಚಿಗೆ ಜನ ಹರಿದು ಬರುತ್ತಿದ್ದ ದಿನ. ಎಲುಬಿನಿಂದ ಓಡಿದ ಪ್ರೊಟೆಸ್ಟಂಟ್ ಅಪ್ಪ ಎಲುಬಿನ ಜಾತ್ರೆಗೇ ಬಂದು ಬಿದ್ದ.

ಡಿಕ್ಕಿಯವರಿಗೆ ಮತ್ತೊಂದು ಸಮರ್ಥನೆ ಇದೆ, ಮಕ್ಕಳ ಸುರಕ್ಷತೆ. ಗುರುತು ಪರಿಚಯ ಇಲ್ಲದವರು ಮಿಠಾಯಿಯಲ್ಲಿ ವಿಷ, ಬ್ಲೇಡು ಇಟ್ಟು ಕೊಡುತ್ತಾರಂತೆ. ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದೀಚಿನ ಪತ್ರಿಕಾ ವರದಿಗಳನ್ನು ಜಾಲಾಡಿ ನೋಡಿದರು. ಅಪರಿಚಿತರು ಬಾಗಿಲಲ್ಲಿ ಹಂಚಿದ ವಿಷ ತಿಂದು ಮಗು ಸತ್ತ ಒಂದು ಖಚಿತ ಪ್ರಕರಣವೂ ಸಿಗಲಿಲ್ಲ. ವಿಷ ನಿಜವಾಗಿ ಸಿಕ್ಕಿದ್ದು 1974ರ ಟೆಕ್ಸಸ್ ಪ್ರಕರಣದಲ್ಲಿ. ಎಂಟು ವರ್ಷದ ಹುಡುಗ ಸಯನೈಡ್ ಬೆರೆತ ಮಿಠಾಯಿ ಪುಡಿ ತಿಂದು ಸತ್ತ. ಕೊಟ್ಟವನು ಹೆತ್ತ ತಂದೆ, ವಿಮೆಯ ದುಡ್ಡಿಗಾಗಿ. ಆತ ಸಭೆಯಲ್ಲಿ ಡೀಕನ್. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು. ಇದರಿಂದ ಊರು ಕಲಿತ ಪಾಠವೇನೆಂದರೆ, ಮಕ್ಕಳೇ, ಬೀದಿಯವರ ಕೈಯಿಂದ ಏನೂ ಮುಟ್ಟಬೇಡಿ, ಚರ್ಚಿನವರು ಕೊಟ್ಟರೆ ತಿನ್ನಿ.

ಇನ್ನು ಕೆಲವು ಅಪ್ಪಂದಿರು ಸಂಶೋಧಕರು. ರಾತ್ರಿ ಹನ್ನೊಂದಕ್ಕೆ ಫೋನು ಹಿಡಿದು ಕೂತವರು ಒಂದು ಗಂಟೆಗೆ ಏಳುವಷ್ಟರಲ್ಲಿ ಹ್ಯಾಲೋವಿನ್‌ನ ಬೇರು ಕಿತ್ತಿರುತ್ತಾರೆ. ಇದು ಸೆಲ್ಟಿಕ್ ಜನರ ಸೌವಿನ್ ಹಬ್ಬ, ಡ್ರೂಯಿಡ್ ಪುರೋಹಿತರು ಕುಂಬಳಕಾಯಿ ಕೊರೆದು ದೆವ್ವ ಕರೆಯುತ್ತಿದ್ದರು, ಇತ್ಯಾದಿ. ಕುಂಬಳಕಾಯಿ ಅಮೆರಿಕ ಖಂಡದ ಬೆಳೆ. ಐರ್ಲೆಂಡಿನ ಡ್ರೂಯಿಡರು ಅದನ್ನು ಕನಸಲ್ಲೂ ಕಂಡವರಲ್ಲ. ನವೆಂಬರ್ 1 ಸಕಲ ಸಂತರ ಹಬ್ಬವಾಗಿ 9ನೇ ಶತಮಾನದಲ್ಲೇ ಪಶ್ಚಿಮ ಯುರೋಪಿನಲ್ಲಿ ನೆಲೆಯಾಗಿತ್ತು. ಅದರ ಹಿಂದಿನ ರಾತ್ರಿಯೇ ಹ್ಯಾಲೋವಿನ್. ಅಂದರೆ ಅನ್ಯಜನರ ಹಬ್ಬವೆಂದು ಚರ್ಚು ಹೊರಗಟ್ಟುತ್ತಿರುವುದು ಚರ್ಚಿನದೇ ಪಂಚಾಂಗದ ಒಂದು ಹಾಳೆಯನ್ನು.

ಬೇರು ಹುಡುಕುವ ಚಟಕ್ಕೆ ಕೊನೆಯೂ ಇಲ್ಲ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಹಿಸ್ಲಾಪ್ 1858ರ ಹೊತ್ತಿಗೆ ಕ್ರಿಸ್‌ಮಸ್, ಈಸ್ಟರ್‌ಗಳನ್ನೂ ಬಿಡದೆ ಎಲ್ಲವನ್ನೂ ಬ್ಯಾಬಿಲೋನಿಗೆ ಕೊಂಡೊಯ್ದು ಕಟ್ಟಿಹಾಕಿದ್ದ. ಅವನಿಗೂ ಮೊದಲು, 1659ರಲ್ಲಿ, ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ಕ್ರಿಸ್‌ಮಸ್ ದಿನ ಕೆಲಸ ಬಿಟ್ಟು ಹಬ್ಬದೂಟ ಮಾಡಿದವರಿಗೆ ಐದು ಶಿಲ್ಲಿಂಗ್ ದಂಡ ಗೊತ್ತುಮಾಡಿದ್ದರು. ಆ ಕಾನೂನು ರದ್ದಾದದ್ದು 1681ರಲ್ಲಿ. ಕ್ರಿಸ್‌ಮಸ್ ಅಮೆರಿಕದ ಸರ್ಕಾರಿ ರಜೆಯಾದದ್ದು 1870ರಲ್ಲಿ. ಅದೇ ನಾಡಿನಲ್ಲಿ 2015ರ ಚಳಿಗಾಲದಲ್ಲಿ ಸ್ಟಾರ್‌ಬಕ್ಸ್ ಕಂಪನಿ ಕಾಫಿ ಲೋಟದ ಮೇಲಿನ ಹಿಮದ ಚಿತ್ತಾರ ತೆಗೆದು ಬರೀ ಕೆಂಪು ಬಣ್ಣ ಉಳಿಸಿದಾಗ ಕ್ರಿಸ್ತನಿಗೆ ಅವಮಾನವಾಯಿತೆಂದು ಬೊಬ್ಬೆ ಎದ್ದಿತು. ಬೇತ್ಲೆಹೇಮಿನಲ್ಲಿ ಹಿಮ ಬೀಳುತ್ತಿತ್ತೆಂದು ಮತ್ತಾಯನೂ ಬರೆದಿಲ್ಲ, ಲೂಕನೂ ಬರೆದಿಲ್ಲ.

ಮಗುವನ್ನು ಕಳಿಸಲೂ ಮನಸ್ಸಿಲ್ಲ, ದೀಪ ಆರಿಸಿ ಒಳಗೆ ಕೂರಲೂ ಮನಸ್ಸಿಲ್ಲ ಎಂಬವರಿಗಾಗಿ ಜ್ಯಾಕ್ ಚಿಕ್ ಎಂಬ ಚಿತ್ರಕಾರ ಅಂಗೈಯಗಲದ ಕಪ್ಪುಬಿಳುಪು ಕಾಮಿಕ್ ಪುಸ್ತಿಕೆಗಳನ್ನು ಮಾಡಿಕೊಟ್ಟಿದ್ದ. ಟ್ರೀಟ್ ಎಂದು ಕೂಗಿ ಚೀಲ ಒಡ್ಡಿದ ಆರು ವರ್ಷದ ಕೂಸಿಗೆ ಚೀಲದ ತಳದಲ್ಲಿ ಸಿಗುವುದು ಬೆಂಕಿಯ ಕೆರೆಗೆ ಬಿದ್ದವನ ಚಿತ್ರ. ಅದನ್ನು ಮೀರಿಸಿದ್ದು ‘ಹೆಲ್ ಹೌಸ್’, ನರಕದ ಮನೆ. ಭೂತಬಂಗಲೆ ಪಾಪವೆಂದವರು ಚರ್ಚಿನ ಆವರಣದಲ್ಲೇ ಅದಕ್ಕಿಂತ ಭೀಕರವಾದ ಬಂಗಲೆ ಕಟ್ಟಿದರು. ಒಂದು ಕೋಣೆಯಲ್ಲಿ ಗರ್ಭಪಾತ, ಒಂದರಲ್ಲಿ ಕುಡಿದು ಕಾರೋಡಿಸಿದವನ ಸಾವು, ಮತ್ತೊಂದರಲ್ಲಿ ಏಡ್ಸ್‌ನಿಂದ ಸಾಯುವ ಸಲಿಂಗಿಯ ಮಂಚ. ಪ್ರತಿ ಕೋಣೆಯಲ್ಲೂ ಗಹಗಹಿಸುವ ಸೈತಾನ, ಕೊನೆಯ ಕೋಣೆಯಲ್ಲಿ ಪ್ರಾರ್ಥನೆ. ಕೊಲರಾಡೊದ ಪಾಸ್ಟರೊಬ್ಬರು ನರಕ ಕಟ್ಟುವ ಕಿಟ್ಟನ್ನೇ ತಯಾರಿಸಿ ಬೇರೆ ಸಭೆಗಳಿಗೆ ಮಾರಿದರು. ಟೆಕ್ಸಸ್‌ನ ಸೀಡರ್ ಹಿಲ್‌ನ ಇಂಥದೊಂದು ಬಂಗಲೆಯ ಬಗ್ಗೆ ಜಾರ್ಜ್ ರ‍್ಯಾಟ್ಲಿಫ್ 2001ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಸಭೆಯ ಹುಡುಗ ಹುಡುಗಿಯರು ಪಾಪಿಗಳ ಪಾತ್ರಕ್ಕೆ ಆಡಿಷನ್ ಕೊಡುವ ಉತ್ಸಾಹವನ್ನು ಅದರಲ್ಲೇ ನೋಡಬೇಕು. ವೇಷ ಹಾಕಿ ಚಾಕೊಲೇಟು ಕೇಳುವುದು ಮಗುವಿನ ಮನಸ್ಸಿಗೆ ಕೆಟ್ಟದ್ದಂತೆ. ಇದು ಆತ್ಮಕ್ಕೆ ಒಳ್ಳೆಯದಂತೆ!

ಬರೀ ಅಮೆರಿಕದವರನ್ನು ಹಿಡಿದು ಜಗ್ಗಿದರೆ ಅನ್ಯಾಯವಾದೀತು. ಫ್ರಾನ್ಸಿನ ಡಿಜೋನ್ ನಗರದಲ್ಲಿ 1951ರ ಡಿಸೆಂಬರ್ 23ರಂದು ಪಾದ್ರಿಗಳ ಒಪ್ಪಿಗೆಯೊಂದಿಗೆ, ನೂರಾರು ಮಕ್ಕಳ ಕಣ್ಣೆದುರು, ಕೆಥೆಡ್ರಲ್ಲಿನ ಕಂಬಿಗೆ ಕ್ರಿಸ್‌ಮಸ್ ತಾತನ ಪ್ರತಿಕೃತಿ ನೇತುಹಾಕಿ ಸುಟ್ಟರು. ಹಬ್ಬವನ್ನು ಕಬಳಿಸಿದ, ಪಾಷಂಡಿ ಎಂಬುದು ಆರೋಪ. ಮಕ್ಕಳಿಗೆ ಸುಳ್ಳು ಹೇಳಬಾರದೆಂಬ ತತ್ವವನ್ನು ಉಡುಗೊರೆ ತರುವ ತಾತನಿಗೆ ಬೆಂಕಿಯಿಟ್ಟು ಕಲಿಸಿದರು. ಊರಿನ ಮೇಯರ್ ಫೆಲಿಕ್ಸ್ ಕೀರ್ ಸ್ವತಃ ಪಾದ್ರಿ. ಬುದ್ಧಿವಂತ, ಯಾರ ಪರವೂ ವಹಿಸಲಿಲ್ಲ. ಮರುದಿನ ಸಂಜೆಯೇ ತಾತ ನಗರಸಭೆಯ ಛಾವಣಿಯ ಮೇಲೆ ಕಾಣಿಸಿಕೊಂಡು ಮಕ್ಕಳತ್ತ ಕೈಬೀಸಿದ. ಮೂರನೆಯ ದಿನಕ್ಕೂ ಕಾಯಲಿಲ್ಲ. ಈ ತಮಾಷೆಯ ಮೇಲೆ ಲೆವಿ ಸ್ತ್ರಾಸ್‌ನಂಥ ಮಾನವಶಾಸ್ತ್ರಜ್ಞ ಒಂದು ಪ್ರಬಂಧವನ್ನೇ ಬರೆದ.

ಇಷ್ಟು ಓದಿ ನಕ್ಕ ನಮ್ಮ ಕರಾವಳಿಯ ಓದುಗರು ತುಸು ತಡೆಯಬೇಕು. ಗೋವೆಯ ಇನ್‌ಕ್ವಿಸಿಷನ್ 1736ರಲ್ಲಿ ಕ್ರೈಸ್ತರು ಮಾಡಬಾರದ ದೇಸಿ ಆಚಾರಗಳ ಉದ್ದನೆಯ ಪಟ್ಟಿ ಹೊರಡಿಸಿತ್ತು. ತುಳಸಿ ಗಿಡಕ್ಕೂ ಅದರ ಕಣ್ಣು, ಮದುವೆ ಹಾಡಿಗೂ ಅದರ ಕಿವಿ. ಆ ಪಟ್ಟಿಯ ಗತಿ ಏನಾಯಿತು? ಇಂದಿಗೂ ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಇಲ್ಲದೆ ಮದುವೆ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಳ ಮುಂದೆ ಎರಚುತ್ತಾರೆ, ಫಾದರ್ ತೆನೆಗೆ ಆಶೀರ್ವಾದ ಮಾಡುತ್ತಾರೆ, ಮನೆಯಲ್ಲಿ ಹೊಸ ಅಕ್ಕಿ ಸೇರಿಸಿ ಬಾಳೆಲೆಯ ಮೇಲೆ ಸಸ್ಯಾಹಾರದ ಊಟ. ಇನ್‌ಕ್ವಿಸಿಷನ್ 1812ರಲ್ಲಿ ಸತ್ತಿತು, ತೆನೆ ಉಳಿಯಿತು.

ಹಳೇ ಮೈಸೂರಿನ ಕಡೆ ಇದಕ್ಕಿಂತ ಸೂಕ್ಷ್ಮವಾದ ಒಂದು ವ್ಯವಹಾರ ನಡೆದುಕೊಂಡು ಬಂದಿದೆ. ದೀಪಾವಳಿಯ ದಿನ ಪಕ್ಕದ ಮನೆಯಾಕೆ ಸೆರಗಿನಲ್ಲಿ ಮುಚ್ಚಿಕೊಂಡು ಒಂದು ತಟ್ಟೆ ಕಜ್ಜಾಯ ತರುತ್ತಾಳೆ. “ಅಕ್ಕಾ, ಪೂಜೆಗೆ ಮುಂಚೇನೇ ಎತ್ತಿಟ್ಟಿದ್ದು, ಮಕ್ಕಳಿಗೆ ಕೊಡಿ” ಅನ್ನುತ್ತಾಳೆ. ಎಣ್ಣೆ ಜಿನುಗುವ ಆ ಕಜ್ಜಾಯಗಳ ಪೈಕಿ ಎರಡು ಬಾಗಿಲಲ್ಲೇ ಖಾಲಿಯಾಗುತ್ತವೆ. ತಟ್ಟೆ ಬರಿದಾಗಿ ವಾಪಸು ಹೋಗಬಾರದಲ್ಲ, ಡಿಸೆಂಬರಿನಲ್ಲಿ ಕಲ್‌ಕಲ್, ರೋಸ್‌ಕುಕ್ಕಿ ತುಂಬಿಕೊಂಡು ಹೋಗುತ್ತದೆ. ದೇವತಾಶಾಸ್ತ್ರ ಓದದ ಆ ತಾಯಿ ಬಿಡಿಸಿದ ಗಂಟನ್ನು ಈಗ ವಾಟ್ಸಾಪಿನಲ್ಲಿ ಬರುವ ಪ್ರಸಂಗಿಗಳು ಮತ್ತೆ ಕಟ್ಟುತ್ತಿದ್ದಾರೆ: ಕಜ್ಜಾಯ ತಿನ್ನಬಹುದೇ, ಪಟಾಕಿ ಹೊಡೆಯಬಹುದೇ, ಶಾಲೆಯ ರಂಗೋಲಿ ಸ್ಪರ್ಧೆಗೆ ಮಗಳನ್ನು ಸೇರಿಸಬಹುದೇ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಹ್ಯಾಲೋವಿನ್ ಬಂದ ಮೇಲಂತೂ ಮಜಾ. ಅದು ಕ್ರೈಸ್ತರ ಹಬ್ಬವೆಂದು ಒಬ್ಬರಿಗೆ ಸಿಟ್ಟು, ಸೈತಾನನ ಹಬ್ಬವೆಂದು ಇನ್ನೊಬ್ಬರಿಗೆ ಸಿಟ್ಟು. ಇಬ್ಬರ ಮಕ್ಕಳೂ ಕ್ಲಬ್‌ಹೌಸಿನಲ್ಲಿ ಒಟ್ಟಿಗೆ ಕೂತು ಮುಖಕ್ಕೆ ಬಣ್ಣ ಬಳಿಸಿಕೊಳ್ಳುತ್ತಿರುತ್ತಾರೆ.

ಇಷ್ಟಕ್ಕೂ ಇದು ಹೊಸ ತಕರಾರಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಕೊರಿಂಥದ ವಿಶ್ವಾಸಿಗಳು ಪೌಲನನ್ನು ಕೇಳಿದ್ದು ಇದನ್ನೇ: ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ? ಅವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯದಲ್ಲಿ ಆತನ ಉತ್ತರವಿದೆ. ವಿಗ್ರಹದ ಪೂಜೆಗೆ ಕೂರಬೇಡಿ. ಅಂಗಡಿಯಲ್ಲಿ ಮಾರುವುದನ್ನು ಅದರ ಹಿನ್ನೆಲೆ ಕೆದಕದೆ ತಿನ್ನಿ. ಊಟಕ್ಕೆ ಕರೆದವರ ಮನೆಯಲ್ಲಿ ಬಡಿಸಿದ್ದನ್ನು ತಿನ್ನಿ. ಅರ್ಪಿಸಿದ್ದೆಂದು ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸು ನೋಯಬಾರದೆಂದು ಬಿಡಿ. ಕಜ್ಜಾಯದ ಪಕ್ಕದ ಮನೆಯಾಕೆ ಈ ಪತ್ರ ಓದಿದವಳಲ್ಲ, ಆದರೆ ಅದರ ತಾತ್ಪರ್ಯ ಅವಳ ತಟ್ಟೆಯಲ್ಲಿತ್ತು. ಪೌಲನ ಈ ಅಧ್ಯಾಯಗಳು ಅಕ್ಟೋಬರಿನ ಪ್ರಸಂಗಗಳಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ. ಕಾರಣ ಸರಳ. ಅದರಲ್ಲಿ ಪಟ್ಟಿ ಇಲ್ಲ, ಪೋಸ್ಟರ್ ಮಾಡಲಾಗದು, ಪಕ್ಕದ ಮನೆಯವರ ಮಗುವಿಗಿಂತ ನಮ್ಮ ಮಗು ಹೆಚ್ಚು ಪರಿಶುದ್ಧವೆಂದು ಸಾಬೀತು ಮಾಡಲೂ ಆಗದು.

ತಂದೆತಾಯಿಯರಲ್ಲಿ ಒಂದೇ ವಿನಂತಿ. ಬೇಡ ಅನಿಸಿದರೆ ಬೇಡ ಅನ್ನಿ. ಮಗು ಒಂದು ಸಂಜೆ ಅತ್ತು ಸುಮ್ಮನಾಗುತ್ತದೆ, ಅದರಿಂದ ಯಾರ ಬಾಲ್ಯವೂ ಹಾಳಾಗಿಲ್ಲ. ಬೇಕು ಅನಿಸಿದರೆ ಕೈಹಿಡಿದು ಕರೆದೊಯ್ಯಿರಿ, ಬಂದ ಮೇಲೆ ಹಲ್ಲುಜ್ಜಿಸಿ ಮಲಗಿಸಿ. ಬೇಡವೆಂದು ಹೇಳಿ ಅದನ್ನೇ ಬೇರೆ ಹೆಸರಿನಲ್ಲಿ ಮಾಡಬೇಡಿ. ಮಕ್ಕಳಿಗೆ ಸೈತಾನ ಗೊತ್ತಾಗುವ ಎಷ್ಟೋ ಮುಂಚೆ ಸೋಗು ಗೊತ್ತಾಗುತ್ತದೆ.