ಮೀನಿಗೆ ಎರಡು ಬಣ್ಣ, ಗಿರಾಕಿಗೆ ನೂರೆಂಟು

ಅಮೆರಿಕದಲ್ಲಿ ಕ್ರಾಪಿ ಮೀನಿಗೆ ಗಾಳ ಹಾಕುವವರ ಡಬ್ಬಿ ತೆರೆದರೆ ಗೌರಿ ಹಬ್ಬದ ಹಿಂದಿನ ದಿನದ ಬಳೆ ಅಂಗಡಿ ನೆನಪಾಗಬೇಕು. ಗುಲಾಬಿ ತಲೆಗೆ ಹಳದಿ ಬಾಲ, ಹಸಿರು ಮೈಗೆ ಮಿರಮಿರ ಮಿನುಗುವ ಬೆಳ್ಳಿ ಚುಕ್ಕೆ. ಒಂದು ಬಣ್ಣದ ಹೆಸರು ಎಲೆಕ್ಟ್ರಿಕ್ ಚಿಕನ್, ಇನ್ನೊಂದು ಮಂಕಿ ಮಿಲ್ಕ್. ಹುಟ್ಟಿದಾರಭ್ಯ ಕೋಳಿಯನ್ನಾಗಲಿ ಕೋತಿಯನ್ನಾಗಲಿ ಕಾಣದ ಮೀನಿಗೆ ಈ ನಾಮಕರಣದಿಂದ ಆಗಬೇಕಾದ್ದೇನೂ ಇಲ್ಲ. ಒಳಗಿನ ಸರಕು ಇಷ್ಟೇ: ಸಣ್ಣದೊಂದು ಸೀಸದ ಗುಂಡು, ಅದರಿಂದ ಹೊರಟ ಕೊಕ್ಕೆ, ಕೊಕ್ಕೆಗೆ ತೊಡಿಸಿದ ಎರಡಂಗುಲದ ಮೆತ್ತನೆಯ ಪ್ಲಾಸ್ಟಿಕ್ ಇಲ್ಲವೇ ಪುಕ್ಕ. ಇದೇ ಜಿಗ್. ಬಣ್ಣ ಹಿಡಿಯುವುದು ಗಿರಾಕಿಯನ್ನು, ಮೀನನ್ನು ಹಿಡಿಯುವುದು ಆ ಸೀಸದ ತೂಕ ಎಂಬುದು ನನ್ನ ವಾದ.

ಕ್ರಾಪಿ ತಲೆಯ ಮೇಲಿರುವುದನ್ನು ಏರಿ ಬಂದು ನುಂಗುವ ಜಾತಿ; ಕೆಳಗಿಳಿದು ತಿನ್ನುವ ಉಸಾಬರಿಗೆ ಹೋಗುವುದು ಕಡಿಮೆ. ಮೀನು ಎಂಟಡಿಯಲ್ಲಿದ್ದು ಜಿಗ್ ಹತ್ತಡಿಗೆ ಇಳಿದರೆ ಕಾಮನಬಿಲ್ಲಿನ ಏಳೂ ಬಣ್ಣ ಬಳಿದಿದ್ದರೂ ದಂಡ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಒಬ್ರಿಯನ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬಿಳಿ ಕ್ರಾಪಿಯ ಬೇಟೆಯ ರೀತಿಯನ್ನು ಅಭ್ಯಸಿಸಿದರು. ಅದು ಒಂದಿಷ್ಟು ಈಜಿ ನಿಲ್ಲುತ್ತದೆ, ನಿಂತಾಗ ಸುತ್ತ ಹುಡುಕುತ್ತದೆ, ಏನೂ ಕಾಣದಿದ್ದರೆ ಮುಂದಕ್ಕೆ ಹೋಗಿ ಮತ್ತೆ ನಿಲ್ಲುತ್ತದೆ. ಅವರು ನೋಡಿದ್ದು ಕಣದಂಥ ಜಲಜೀವಿಗಳ ಬೇಟೆಯನ್ನು, ಜಿಗ್‌ನದ್ದಲ್ಲ ಎಂಬುದು ನಿಜ. ಆದರೂ ಹೀಗೆ ನಿಂತು ನೋಡುವ ಸ್ವಭಾವದವನೆದುರು ಸರ್ರನೆ ಹಾದುಹೋದರೆ ಏನು ಫಲ? ನಿಧಾನಕ್ಕೆ ಇಳಿಯಬೇಕು, ಎದುರಿಗೆ ತೂಗಾಡಬೇಕು. ಔನ್ಸಿನ 1/32 ಭಾಗ, ಅಂದರೆ ಒಂದು ಗ್ರಾಮಿಗೂ ಕಡಿಮೆ ತೂಕದ ಜಿಗ್ ಹಾಗೆ ಇಳಿಯುತ್ತದೆ. ಗಾಳಿ ಎದ್ದರೆ ಅದೇ ಜಿಗ್ ಹೇಳಿದ ಆಳಕ್ಕೆ ಹೋಗದೆ ಎತ್ತಲೋ ತೇಲುತ್ತದೆ. ಆಗ 1/8 ಔನ್ಸಿನದೇ ಬೇಕು.

ಬಣ್ಣದ ಭಕ್ತರು ಇದನ್ನು ಒಪ್ಪುವುದಿಲ್ಲ. 'ಹಳದಿ-ಹಸಿರು ಚಾರ್ಟ್ರೂಸ್‌ಗೆ ಬಿದ್ದಷ್ಟು ಮೀನು ಬೇರಾವುದಕ್ಕೂ ಬಿದ್ದಿಲ್ಲವಲ್ಲ?' ಎನ್ನುತ್ತಾರೆ. ದಿನವಿಡೀ ಅದೊಂದನ್ನೇ ನೀರಿಗೆ ಬಿಟ್ಟವರಿಗೆ ಬೇರೆಯದಕ್ಕೆ ಬೀಳುವುದಾದರೂ ಹೇಗೆ? ಹಾಗೆಂದು ಬಣ್ಣ ಪೂರ್ತಿ ಸುಳ್ಳೆನ್ನಲೂ ಬಾರದು. ತಿಳಿನೀರಿನಲ್ಲಿ ಆಳಕ್ಕೆ ಹೋದಂತೆ ಕೆಂಪು ಬೆಳಕು ಮೊದಲು ಮಾಯವಾಗುತ್ತದೆ, ಕೆಂಪು ಜಿಗ್ ಕಪ್ಪಿಡುತ್ತದೆ. ರಾಡಿ ನೀರಿನಲ್ಲಿ ಎದ್ದು ಕಾಣುವಂಥದ್ದು ಬೇಕು. ಇದಕ್ಕೆ ಎರಡು ಬಣ್ಣ ಧಾರಾಳವಾಯಿತು, ನೂರೆಂಟರ ಅಗತ್ಯ ಬೀಳುವುದಿಲ್ಲ. ಜೀವಂತ ಸಣ್ಣ ಮೀನನ್ನೇ ಕೊಕ್ಕೆಗೆ ಚುಚ್ಚಿದರೆ ಈ ತಕರಾರೇ ಇಲ್ಲವಲ್ಲ ಎಂಬ ಮಾತೂ ಇದೆ. ಆಗಬಹುದು; ಆದರೆ ಬಿಸಿಲೇರಿದರೆ ಬಕೆಟ್ಟಿನಲ್ಲೇ ಅವು ಸಾಯುತ್ತವೆ, ಜಿಗ್‌ಗೆ ಆ ಭಯವಿಲ್ಲ. ಕೊನೆಗುಳಿಯುವುದು, ಬಣ್ಣಬಣ್ಣದ್ದನ್ನು ಕೊಳ್ಳುವುದೇ ಒಂದು ಸುಖವಲ್ಲವೇ ಎಂಬ ಆಕ್ಷೇಪಣೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆ ಖರ್ಚನ್ನು ಮೀನಿನ ಲೆಕ್ಕಕ್ಕೆ ಬರೆಯದಿದ್ದರೆ ಸಾಕು. ಮೀನೇ ಬೇಕೆನ್ನುವವರು ಬಿಳಿಯದೊಂದು, ಕಪ್ಪು ಮಿಶ್ರಿತ ಚಾರ್ಟ್ರೂಸ್ ಒಂದು ಕೊಳ್ಳಿ. ತೂಕ ಮಾತ್ರ ಮೂರಿರಲಿ: 1/32, 1/16, 1/8.