ನೆರಳಿಗೆ ಕಂದಾಯವಿಲ್ಲ

ಮನೆ ಕಂದಾಯ ಕಟ್ಟಲು ಸಾಲಿನಲ್ಲಿ ನಿಂತಾಗ ನಗರಸಭೆಯನ್ನು ಬೈಯುವುದು ಕಟ್ಟುವ ಹಣದೊಳಗೇ ಸೇರಿದ ಸೌಲಭ್ಯ ಎಂದು ನಂಬಿ ಬದುಕಿದವನು ನಾನು. ಈಚೆಗೆ ಆ ಸೌಲಭ್ಯವನ್ನು ಬಳಸುವಾಗ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಯಾಕೆಂದರೆ ಈಗ ನಾನೂ ಒಂದು ಊರಿನ ಮೇಯರ್. ನಮ್ಮ ಊರಿಗೂ ಖಜಾನೆ ಇದೆ, ಅದರಲ್ಲಿ ಕಾಸಿಲ್ಲ. ರಸ್ತೆ ಇದೆ, ಅರ್ಧಕ್ಕೆ ದೀಪವಿಲ್ಲ. ಪ್ರಜೆಗಳಿದ್ದಾರೆ, ಎಲ್ಲರಿಗೂ ಮೂಲೆ ಸೈಟೇ ಬೇಕು.

ಊರಿರುವುದು ಮೈನ್‌ಕ್ರಾಫ್ಟ್ ಎಂಬ ಆಟದ ಒಳಗೆ. ಸ್ಟಾಕ್‌ಹೋಮಿನ ಮೊಜಾಂಗ್ ಎಂಬ ಕಂಪನಿ 2011ರಲ್ಲಿ ಪೂರ್ಣರೂಪದಲ್ಲಿ ಹೊರತಂದ ಆಟ ಇದು. 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನೇ ಕೊಂಡಿತು. ಇಲ್ಲಿ ಮಣ್ಣು, ಕಲ್ಲು, ಮರ ಎಲ್ಲವೂ ಒಂದು ಮೀಟರ್ ಉದ್ದಗಲದ ಘನಗಳು. ಹಸು ಹೆಚ್ಚುಕಮ್ಮಿ ಪೆಟ್ಟಿಗೆ. ಸೂರ್ಯನೂ ಚೌಕ. ಒಂದು ಹಗಲು ಒಂದು ರಾತ್ರಿ ಸೇರಿ ಇಪ್ಪತ್ತೇ ನಿಮಿಷ, ಆದ್ದರಿಂದ 'ನಾಳೆ ಬನ್ನಿ' ಎಂದು ಅರ್ಜಿದಾರರನ್ನು ಸಾಗಹಾಕಿದರೆ ಅವರು ಕಾಫಿ ಕುಡಿದು ವಾಪಸು ಬಂದುಬಿಡುತ್ತಾರೆ.

ಊರನ್ನು ಸ್ಥಾಪಿಸಿದ್ದು ನಾನಲ್ಲ, ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗಳು. ಒಂಬತ್ತನೇ ಕ್ಲಾಸು. ಅವಳು, ಅವಳ ಸಹಪಾಠಿಗಳು, ಒಂದಿಬ್ಬರು ಅಮೆರಿಕದ ಕಸಿನ್‌ಗಳು ಸೇರಿ ಕಟ್ಟಿದ ಊರಿಗೆ ಹೊಸಹಳ್ಳಿ ಎಂದು ಹೆಸರಿಟ್ಟರು. ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿಗಳಿವೆಯೋ, ಅವುಗಳ ಮೇಲೆ ಇದೊಂದು. ಮೇಯರ್ ಪದವಿ ನನಗೆ ಬಂದದ್ದು ಯೋಗ್ಯತೆಯಿಂದಲ್ಲ. "ದೊಡ್ಡಪ್ಪಾ, ನೀವು ರಿಟೈರ್ ಆಗಿದ್ದೀರಲ್ಲ, ಬೈಸಿಕೊಳ್ಳೋಕೆ ಟೈಮಿದೆ. ನಾನು ಅಸಿಸ್ಟೆಂಟ್ ಆಗಿರ್ತೀನಿ" ಅಂದಳು. ಅಧಿಕಾರವೆಲ್ಲ ಅಸಿಸ್ಟೆಂಟ್ ಕೈಯಲ್ಲಿ, ಆಪಾದನೆಯೆಲ್ಲ ಮೇಯರ್ ತಲೆಯ ಮೇಲೆ. ಲೆಕ್ಕಪತ್ರದ ಕಚೇರಿಯಲ್ಲಿ ಜೀವ ಸವೆಸಿದ ನನಗೆ ಈ ವ್ಯವಸ್ಥೆ ಹೊಸದೇನಲ್ಲ.

ಬಡತನಕ್ಕೆ ಕಾರಣ ಹೇಳಬೇಕು. ಸುಮ್ಮನೆ ಒಬ್ಬರೇ ಆಡುವುದಾದರೆ ಕ್ರಿಯೇಟಿವ್ ಎಂಬ ಬಗೆಯಲ್ಲಿ ಬೇಕಾದಷ್ಟು ಬ್ಲಾಕ್ ಪುಕ್ಕಟೆ; ಅಲ್ಲಿ ಅರಮನೆ ಕಟ್ಟಿದರೆ ಅದು ಸಾಧನೆಯಲ್ಲ, ತಾಳ್ಮೆ. ನಾವು ಆಡುವ ಸರ್ವರಿನಲ್ಲಿ ಟೌನಿ ಎಂಬ ಪ್ಲಗಿನ್ ಹಾಕಿದ್ದಾರೆ. ಅದರ ಪ್ರಕಾರ ಭೂಮಿ ಹದಿನಾರಕ್ಕೆ ಹದಿನಾರರ ತುಂಡುಗಳಾಗಿ ಮಾರಾಟಕ್ಕಿದೆ. ಒಂದೊಂದು ತುಂಡಿಗೂ ಆಟದ ದುಡ್ಡು ಕೊಡಬೇಕು. ಅದಲ್ಲದೆ ಊರಿನ ಖಜಾನೆಯಿಂದ ದಿನಾ ನಿರ್ವಹಣಾ ವೆಚ್ಚ ಕಡಿತವಾಗುತ್ತದೆ, ಈ ಲೆಕ್ಕಕ್ಕೆ ಮಾತ್ರ ದಿನವೆಂದರೆ ನಮ್ಮ ನಿಮ್ಮ ಇಪ್ಪತ್ತನಾಲ್ಕು ಗಂಟೆಯ ದಿನ. ಖಜಾನೆ ಬರಿದಾದರೆ ಊರು ಬಿದ್ದುಹೋಗುತ್ತದೆ. ಗೋಡೆಗಳು ಬೀಳುವುದಿಲ್ಲ, ರಕ್ಷಣೆ ಬೀಳುತ್ತದೆ. ಆಮೇಲೆ ಹಾದಿಹೋಕರು ನಿಮ್ಮ ಬಾಗಿಲು ಕಿತ್ತು ಅವರ ಮನೆಗೆ ಹಾಕಿಕೊಳ್ಳಬಹುದು.

ಪಕ್ಕದಲ್ಲೇ ಒಂದು ಶ್ರೀಮಂತ ಊರಿದೆ. ಅಲ್ಲಿನ ಮೇಯರಿಗೆ ಚಿನ್ನದ ಹುಚ್ಚು. ಒಂಬತ್ತು ಗಟ್ಟಿ ಸೇರಿದರೆ ಒಂದು ಚಿನ್ನದ ಬ್ಲಾಕ್ ಆಗುವುದು. ಅಂಥವುಗಳಿಂದ ಪುರಭವನದ ಮುಂಗೋಡೆ ಕಟ್ಟಿಸಿದ್ದಾನೆ. ಕಂಬಕ್ಕೆ ನೆದರ್ ಎಂಬ ಪಾತಾಳಲೋಕದಿಂದ ತಂದ ಬಿಳಿ ಕ್ವಾರ್ಟ್ಜ್. ಮಾಳಿಗೆಯ ಮೇಲೆ ಆಕಾಶ ಮುಟ್ಟುವ ಬೀಕನ್ ಬೆಳಕು. ಎಲ್ಲವೂ ಸಪಾಟು, ಎಲ್ಲವೂ ಹೊಳೆಯುತ್ತದೆ, ಎದುರಿಗೆ ನಿಂತರೆ ಕಣ್ಣು ಎಲ್ಲಿಡಬೇಕೋ ತಿಳಿಯುವುದಿಲ್ಲ. ಅಕ್ಷಯ ತೃತೀಯದ ದಿನ ಆಭರಣದಂಗಡಿಯ ಕೌಂಟರಿನ ಮುಂದೆ ನಿಂತ ಹಾಗೆ.

ಇದನ್ನು ನೋಡಿ ನಮ್ಮ ಹುಡುಗರಿಗೆ ಕೀಳರಿಮೆ. ನಮಗೂ ಒಂದು ಬೀಕನ್ ಬೇಕೆಂದು ನಿರ್ಣಯ ಮಂಡಿಸಿದರು. ಬೀಕನ್ನಿಗೆ ಬೇಕಾದ ನಕ್ಷತ್ರವನ್ನು ಪಡೆಯಲು ವಿದರ್ ಎಂಬ ಮೂರು ತಲೆಯ ರಾಕ್ಷಸನನ್ನು ಕೊಲ್ಲಬೇಕು. ಎಲ್ಲರೂ ಮೇಯರ್ ಕಡೆ ನೋಡಿದರು. ನಾನು ಆ ನಿರ್ಣಯವನ್ನು ಮುಂದಿನ ಆರ್ಥಿಕ ವರ್ಷಕ್ಕೆ ಕಾಯ್ದಿರಿಸಿದೆ.

ದುಡ್ಡಿಲ್ಲದೆ ಊರನ್ನು ಚೆಂದ ಮಾಡುವುದರಲ್ಲಿ ಮೊದಲ ಕೆಲಸ ಕಟ್ಟುವುದಲ್ಲ, ಕೀಳುವುದು. ಈ ಆಟದಲ್ಲಿ ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಯಾವ ಬ್ಲಾಕೂ ಕೆಳಗೆ ಬೀಳುವುದಿಲ್ಲ. ಬುಡ ಕಡಿದರೂ ಮರದ ತಲೆ ಗಾಳಿಯಲ್ಲಿ ನಿಂತೇ ಇರುತ್ತದೆ. ಹುಡುಗರಿಗೆ ಕೈಗೆಟಕುವಷ್ಟು ಕಾಂಡ ಸಾಕು. ಊರ ಸುತ್ತ ನೋಡಿದರೆ ಬುಡವಿಲ್ಲದ ಕಾಡೊಂದು ಅಂತರಿಕ್ಷದಲ್ಲಿ ತೇಲುತ್ತಿತ್ತು. ಮೇಲೆ ಹತ್ತಲು ಕಾಲಕೆಳಗೆ ಮಣ್ಣು ಪೇರಿಸಿಕೊಂಡು ಹೋದವರು ಇಳಿಯುವಾಗ ಆ ಕಂಬಗಳನ್ನು ಕೆಡವಿರಲಿಲ್ಲ. ಕ್ರೀಪರ್ ಎಂಬ ಹಸಿರು ಪ್ರಾಣಿ ಸದ್ದಿಲ್ಲದೆ ಪಕ್ಕಕ್ಕೆ ಬಂದು ಸಿಡಿದು ಸತ್ತ ಜಾಗದಲ್ಲೆಲ್ಲ ಹೊಂಡ. ಇವನ್ನೆಲ್ಲ ಕಡಿದು, ಕೆಡವಿ, ಮುಚ್ಚಿಸಿದ್ದಕ್ಕೆ ತಗುಲಿದ ಖರ್ಚು ಸೊನ್ನೆ. ಅಷ್ಟಕ್ಕೇ ಊರು ಮುಖ ತೊಳೆದುಕೊಂಡಿತು. ನಾನು ಮೈಸೂರಿನವನು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ಲರು ಊರು ಚೆಂದವಾಗಿರುವುದೂ ಆಡಳಿತದ ಕೆಲಸವೇ ಎಂದು ಬಗೆದವರು. ಅವರ ಹೆಸರು ಹೇಳಿ ಹುಡುಗರಿಗೆ ಒಂದು ಭಾಷಣವನ್ನೂ ಮಾಡಿದೆ. "ಅವರು ಯಾವ ಸರ್ವರ್?" ಎಂದು ಅಮೆರಿಕದ ಕಸಿನ್ ಕೇಳಿದ.

ಇನ್ನು ಸಾಮಗ್ರಿ. ಹರಿಯುವ ಲಾವಾ ಮತ್ತು ನೀರು ಸಂಧಿಸುವಲ್ಲಿ ಕಾಬಲ್‌ಸ್ಟೋನ್ ಎಂಬ ಒರಟು ಕಲ್ಲು ಹುಟ್ಟುತ್ತದೆ. ಒಡೆದಷ್ಟೂ ಹೊಸದು ಬರುತ್ತದೆ. ಎರಡಕ್ಕೆರಡರ ಗುಂಡಿ ತೋಡಿ ಎದುರುಬದುರು ಮೂಲೆಗಳಿಗೆ ಒಂದೊಂದು ಬಕೆಟ್ ನೀರು ಸುರಿದರೆ ಅದು ಬತ್ತದ ಬಾವಿ. ಆ ಬಾವಿಯಿಂದಲೇ ಮೊಗೆಮೊಗೆದು ನಮ್ಮ ಅಸಿಸ್ಟೆಂಟ್ ಊರ ನಡುವೆ ಒಂದು ಕೆರೆ ತುಂಬಿಸಿದಳು. ಅವಳ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಕೆರೆಯ ದಂಡೆಯಲ್ಲಿ ಸುಮ್ಮನೆ ನಿಂತುಕೊಂಡಿದ್ದಳು, ಏನು ನೋಡುತ್ತಿದ್ದೀ ಅಂದರೆ "ನೀರು" ಅಂದಳು.

ರಸ್ತೆಯ ಲೆಕ್ಕವೂ ಅವಳದೇ. ಮೂರು ಕಲ್ಲಿಗೆ ಅರ್ಧ ಎತ್ತರದ ಆರು ಸ್ಲ್ಯಾಬ್ ಆಗುತ್ತವೆ. ಇಡೀ ಕಲ್ಲು ಹಾಸುವಲ್ಲಿ ಸ್ಲ್ಯಾಬ್ ಹಾಸಿದರೆ ಅರ್ಧ ಸಾಮಾನಿನಲ್ಲಿ ಅಷ್ಟೇ ಉದ್ದದ ರಸ್ತೆ. ಹೀಗೆ ಹಾಸಿದ ಅರ್ಧ ಚಪ್ಪಡಿಯ ಮೇಲೆ ಕತ್ತಲಲ್ಲಿ ಭೂತಪ್ರೇತಗಳು ಹುಟ್ಟುವುದಿಲ್ಲ ಎಂಬುದು ಆಟದ ನಿಯಮ, ಹಾಗಾಗಿ ದೀಪದ ಖರ್ಚೂ ತಗ್ಗಿತು. ಗಾಜನ್ನು ಇಡಿಯಾಗಿ ಕೂರಿಸುವ ಬದಲು ತೆಳು ಹಲಗೆ ಮಾಡಿಕೊಂಡರೆ ಆರರಿಂದ ಹದಿನಾರು. ಅರ್ಧ ಸಾಮಾನಿನಲ್ಲಿ ರಸ್ತೆ ಮಾಡಿ ಪೂರ್ತಿ ರಸ್ತೆಯೆಂದು ತೋರಿಸುವ ವಿದ್ಯೆ ನಮ್ಮ ನಾಡಿನಲ್ಲಿ ಮೊದಲಿಂದಲೂ ಇದೆ. ಉಳಿದ ಅರ್ಧ ಖಜಾನೆಗೇ ವಾಪಸು ಬಂದದ್ದು ಮಾತ್ರ ನನಗೆ ಹೊಸತು.

ಆದರೂ ಮನೆಗಳು ಕಲ್ಲಿನ ಡಬ್ಬಗಳ ಹಾಗೇ ಕಾಣುತ್ತಿದ್ದವು. ನಾಲ್ಕು ಸಪಾಟು ಗೋಡೆ, ಮೇಲೊಂದು ಮುಚ್ಚಳ. ಇಲ್ಲಿ ಬಂತು ನಮ್ಮ ಮುಖ್ಯ ಸಂಶೋಧನೆ. ಮೂಲೆಗಂಬವನ್ನು ಗೋಡೆಯಿಂದ ಒಂದು ಬ್ಲಾಕ್ ಮುಂದೆ ತನ್ನಿ, ಕಿಟಕಿಯನ್ನು ಒಂದು ಬ್ಲಾಕ್ ಒಳಕ್ಕೆ ತಳ್ಳಿ, ಸೂರನ್ನು ಒಂದು ಬ್ಲಾಕ್ ಹೊರಕ್ಕೆ ಎಳೆಯಿರಿ, ಬಾಗಿಲ ಮುಂದೆ ಒಂದು ಜಗಲಿ ಇಡಿ. ಮೂಲೆ ಕೂಡುವಲ್ಲೆಲ್ಲ ಆಟ ತಾನಾಗಿ ಮಸುಕು ಬಳಿಯುತ್ತದೆ. ಅದೇ ಬಡ ಕಾಬಲ್‌ಸ್ಟೋನು, ಅದೇ ಓಕ್ ಮರ. ನೆರಳು ಬಿದ್ದ ಕ್ಷಣದಿಂದ ಡಬ್ಬ ಹೋಗಿ ಮನೆಯಾಯಿತು. ಪಕ್ಕದೂರಿನ ಚಿನ್ನದ ಗೋಡೆಗಿಲ್ಲದ್ದು ಇದೇ. ಹೊಳೆಯುವುದನ್ನು ಕೊಳ್ಳಬೇಕು, ನೆರಳಿಗೆ ಟೌನಿಯಲ್ಲೂ ಕಂದಾಯವಿಲ್ಲ. ಹಳೇ ಮೈಸೂರಿನ ಹೆಂಚಿನ ಮನೆಗಳಲ್ಲಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತೇನೋ. ಆದರೆ ಆ ಮನೆಗಳಲ್ಲಿ ನಾನು ಜಗಲಿಯ ಮೇಲೆ ಕೂತದ್ದೇ ಹೆಚ್ಚು, ಎದುರು ನಿಂತು ನೋಡಿದ್ದು ಕಡಿಮೆ.

ಉಳಿದದ್ದು ಹಸಿರು. ಅಸ್ಥಿಪಂಜರಗಳನ್ನು ಬಡಿದರೆ ಮೂಳೆ ಸಿಗುತ್ತದೆ, ಒಂದು ಮೂಳೆ ಮೂರು ಹಿಡಿ ಗೊಬ್ಬರ, ಹುಲ್ಲಿನ ಮೇಲೆ ಚೆಲ್ಲಿದರೆ ಅಲ್ಲಲ್ಲೇ ಹೂ. ನಮ್ಮ ಉದ್ಯಾನ ಇಲಾಖೆ ರಾತ್ರಿಪಾಳಿಯಲ್ಲಿ ಕತ್ತಿ ಹಿಡಿದು ಕೆಲಸ ಮಾಡುತ್ತದೆ.

ವರಮಾನದ ಕತೆ ಹೇಳಲು ಸ್ವಲ್ಪ ಸಂಕೋಚ. ಆಟದೊಳಗಿನ ಹಳ್ಳಿಗರಲ್ಲಿ ಬಾಣ ಮಾಡುವವನೊಬ್ಬ ಮೂವತ್ತೆರಡು ಕಡ್ಡಿಗೆ ಒಂದು ಪಚ್ಚೆ ಕೊಡುತ್ತಾನೆ. ನಾಲ್ಕು ಮರದ ತುಂಡು ಸಿಗಿದರೆ ಮೂವತ್ತೆರಡು ಕಡ್ಡಿ. ಅವನಿಗೇಕೆ ಇಷ್ಟು ಕಡ್ಡಿ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಪಚ್ಚೆಗಳನ್ನು ಸರ್ವರಿನ ಸಂತೆಯಲ್ಲಿ ಮಾರಿ ಊರಿನ ನಿರ್ವಹಣಾ ವೆಚ್ಚ ಕಟ್ಟುತ್ತೇವೆ. ನಾಲ್ಕು ಬೀದಿ, ಒಂದು ಕೆರೆ, ಒಂದು ಅರಳಿಕಟ್ಟೆ ಇರುವ ನಮ್ಮ ಪೌರಾಡಳಿತ ನಿಂತಿರುವುದು ಸೌದೆ ಕಡ್ಡಿಯ ಮೇಲೆ. ಅರಳಿಮರ ಆಟದಲ್ಲಿಲ್ಲ, ಅದೂ ಓಕೇ. ಕಟ್ಟೆ ಮಾತ್ರ ಅಸಲಿ.

ಎಲ್ಲಕ್ಕಿಂತ ಕಷ್ಟವಾದದ್ದು ಕಟ್ಟಡ ನಿಯಮಾವಳಿ. ಒಂದು ಮನೆಗೆ ಮೂರೇ ಬಗೆಯ ಸಾಮಾನು, ಬೀದಿಗೆಲ್ಲ ಒಂದೇ ಬಣ್ಣದ ಸೂರು ಎಂದು ಹಲಗೆ ಹಾಕಿಸಿದೆ. ಮಾರನೆಯ ದಿನವೇ ಒಬ್ಬ ಹುಡುಗ ಗುಲಾಬಿ ಉಣ್ಣೆಯಿಂದ ಮೂರಂತಸ್ತು ಎಬ್ಬಿಸಿದ. ಕರೆದು ಕೇಳಿದರೆ, "ಅಂಕಲ್, ನಂದು ಒಂದೇ ಬಗೆ. ನೀವು ಮೂರರವರೆಗೆ ಬಿಟ್ಟಿದ್ದೀರಿ" ಅಂದ. ಕಾನೂನಿನ ಪ್ರಕಾರ ಅವನದೇ ಸರಿ. ಈ ಹುಡುಗ ಮುಂದೆ ವಕೀಲನಾಗುತ್ತಾನೆ, ಇಲ್ಲದಿದ್ದರೆ ಬಿಲ್ಡರ್. ಕೊನೆಗೆ ಅವನ ಮನೆಯ ಸುತ್ತ ಎತ್ತರದ ಸಾಲುಮರ ಬೆಳೆಸಿದೆವು. ನಗರ ಸೌಂದರ್ಯೀಕರಣ ಎಂಬ ಬಾಪ್ತಿನಲ್ಲಿ ಇದು ನಮ್ಮ ಅತಿ ದೊಡ್ಡ ವೆಚ್ಚ.

ಇವೆಲ್ಲ ಹುಡುಗಾಟ ಎನ್ನುವವರಿಗೆ ಎರಡು ಸುದ್ದಿ ಹೇಳುತ್ತೇನೆ. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಿಂದ ಬ್ಲಾಕ್ ಬೈ ಬ್ಲಾಕ್ ಎಂಬ ಯೋಜನೆಯಲ್ಲಿ ಇದೇ ಆಟವನ್ನು ಬಳಸುತ್ತಿದೆ. ನೈರೋಬಿಯ ಕಿಬೇರಾದಂಥ ಬಡ ಬಡಾವಣೆಯವರು ತಮ್ಮ ಮೈದಾನ ಹೇಗಿರಬೇಕೆಂದು ಬ್ಲಾಕುಗಳಲ್ಲಿ ಕಟ್ಟಿ ತೋರಿಸಿದ್ದಾರೆ. ಇನ್ನೊಂದು ಡೆನ್ಮಾರ್ಕಿನದು. 2014ರಲ್ಲಿ ಅಲ್ಲಿನ ಸರ್ಕಾರಿ ಭೂಮಾಪನ ಸಂಸ್ಥೆ ಇಡೀ ದೇಶವನ್ನು ಒಂದಕ್ಕೊಂದು ಅಳತೆಯಲ್ಲಿ ಮೈನ್‌ಕ್ರಾಫ್ಟಿನೊಳಗೆ ಇಳಿಸಿತು. ಸಿಡಿಮದ್ದನ್ನು ನಿಷೇಧಿಸಿತ್ತು ನಿಜ, ಸಿಡಿಮದ್ದು ತುಂಬಿದ ಗಣಿಬಂಡಿಯನ್ನು ನಿಷೇಧಿಸಲು ಮರೆತಿತ್ತು. ಯಾರೋ ಬಂಡಿಗಳನ್ನು ತಂದು ಒಂದಷ್ಟು ಊರು ಹಾರಿಸಿ ಅಮೆರಿಕದ ಬಾವುಟ ನೆಟ್ಟುಹೋದರು. ಇದನ್ನು ಓದಿದ ಮೇಲೆ ನಮ್ಮ ಕಸಿನ್‌ಗಳ ಮೇಲೆ ಒಂದು ಕಣ್ಣಿಟ್ಟಿದ್ದೇನೆ.

ಮೊನ್ನೆ ಪಕ್ಕದೂರಿನ ಚಿನ್ನದ ಮೇಯರ್ ನಮ್ಮ ಊರು ನೋಡಲು ಬಂದ. ಬೀದಿ ಬೀದಿ ಸುತ್ತಿದ, ಕೆರೆ ದಂಡೆಯಲ್ಲಿ ಓಡಾಡಿದ, ಜಗಲಿಯ ಮೇಲೆ ಹತ್ತಿ ಇಳಿದ. ಎಷ್ಟು ಖರ್ಚಾಯಿತು ಎಂದು ಕೇಳಿದ. ನಾನು ಪ್ರಾಮಾಣಿಕವಾಗಿ ಉತ್ತರಿಸುವ ಮೊದಲೇ ಅಸಿಸ್ಟೆಂಟ್ ಒಂದು ಭಾರಿ ಮೊತ್ತ ಹೇಳಿಬಿಟ್ಟಳು. ಅವನಿಗೆ ಸಮಾಧಾನವಾಯಿತು. ಆಮೇಲೆ ಅರ್ಜಿ ಹಾಕಿದ. ಟೌನಿಯಲ್ಲಿ ಬೇರೆ ಊರಿನವರು ಸೈಟು ಕೊಳ್ಳಲು ರಾಯಭಾರ ಪ್ಲಾಟ್ ಎಂಬ ಅವಕಾಶವಿದೆ. ಕೆರೆಯ ಎದುರಿಗೆ ಅಂಥದೊಂದು ಬೇಕಂತೆ, ಅದರಲ್ಲಿ ಚಿನ್ನದ ಮನೆ ಕಟ್ಟುತ್ತಾನಂತೆ.

ಸಭೆ ಸೇರಿತು. ಗುಲಾಬಿ ಮನೆಯ ಹುಡುಗ ಕಾನೂನು ಸಲಹೆಗಾರ. ಸೈಟಿನ ಬೆಲೆ ದುಪ್ಪಟ್ಟು, ಚಿನ್ನವೆಲ್ಲ ಒಳಗಡೆ, ಹೊರಗೆ ಕಾಬಲ್‌ಸ್ಟೋನು, ಸೂರು ನಮ್ಮ ಅಳತೆಯದು ಎಂದು ನಿರ್ಣಯವಾಯಿತು. ಅವನು ದುಡ್ಡು ಎಣಿಸಿ, ಕಾಬಲ್‌ಸ್ಟೋನನ್ನೂ ನಮ್ಮಲ್ಲೇ ಕೊಂಡು ಕಟ್ಟಿಸಿದ. ಈಗ ಎರಡನೆಯ ಅರ್ಜಿ ಬಂದಿದೆ: ಒಳಗಿನ ಚಿನ್ನ ದಾರಿಹೋಕರಿಗೆ ಕಾಣುವಂತೆ ಒಂದೇ ಒಂದು ದೊಡ್ಡ ಕಿಟಕಿ ಇಡಲು ಅನುಮತಿ ಬೇಕಂತೆ. ಅರ್ಜಿ ಪರಿಶೀಲನೆಯಲ್ಲಿದೆ. ಕಿಟಕಿ ಶುಲ್ಕ ಎಷ್ಟಿಡಬಹುದು ಎಂದು ಅಸಿಸ್ಟೆಂಟ್ ಲೆಕ್ಕ ಹಾಕುತ್ತಿದ್ದಾಳೆ.