ಗಲ್ಲಾದ ಹಿಂದಿನ ಸಂಕೋಚ

ಉಡುಪಿ, ಕುಂದಾಪುರ, ಸಾಲಿಗ್ರಾಮದ ಕಡೆಯಿಂದ ಹೊರಟು ಬೆಂಗಳೂರನ್ನೋ ಮುಂಬಯಿಯನ್ನೋ ಮದ್ರಾಸನ್ನೋ ಸೇರಿ ಹೋಟೆಲ್ ಕಟ್ಟಿದ ರಾಯರನ್ನು ಗುರುತಿಸಲು ಹೆಸರು ಕೇಳಬೇಕಿಲ್ಲ. ಗಲ್ಲಾದ ಹಿಂದೆ ಕೂತಿರುತ್ತಾರೆ. ತಲೆಯ ಮೇಲೆ ಕಡಗೋಲು ಕೃಷ್ಣ ಅಥವಾ ಗುರುನರಸಿಂಹ, ಅದರ ಪಕ್ಕದಲ್ಲಿ ಗಂಧದ ಹಾರ ಹಾಕಿಸಿಕೊಂಡ ಅಪ್ಪ ಅಮ್ಮ, ಕೆಳಗೆ ಊದುಬತ್ತಿ, ಅದರ ಹೊಗೆಯಲ್ಲೇ ‘ಸಾಲ ಕೇಳಬೇಡಿ’ ಎಂಬ ಬೋರ್ಡು. ಇವರು ತಮ್ಮ ಬಗ್ಗೆ ಮೂರು ಮಾತು ಹೇಳುತ್ತಾರೆ. ಎಲ್ಲವನ್ನೂ ಸ್ವಂತ ದುಡಿಮೆಯಿಂದ ಕಟ್ಟಿದೆ, ಎಲ್ಲವೂ ದೇವರು ಕೊಟ್ಟದ್ದು, ಎಲ್ಲವೂ ಮನೆಯವರಿಗಾಗಿ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಅವು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಕೇಳುವವರಿಗೆ ಹೊಳೆಯುವಷ್ಟರಲ್ಲಿ ಕಾಫಿ ಆರಿರುತ್ತದೆ. ಬುದ್ಧಿವಂತರು ಇದನ್ನು ಬೂಟಾಟಿಕೆ ಎಂದು ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಾಯರ ಮಾತು, ಭಕ್ತಿ, ಸಂಸಾರಪ್ರೇಮ, ಗಿರಾಕಿಗೆ ರೇಗುವ ಧಾಟಿ, ಇವೆಲ್ಲಕ್ಕೂ ಬೇರು ಒಂದೇ: ಅನ್ನ ಮಾರಿ ಬದುಕಿದವರ ಸಂಕೋಚ.

ಸಂಕೋಚ ಯಾಕೆಂದರೆ, ಅವರು ಹುಟ್ಟಿ ಬೆಳೆದ ಲೋಕದಲ್ಲಿ ಅನ್ನ ಇಕ್ಕುವ ಪದಾರ್ಥವಾಗಿತ್ತು, ಮಾರುವ ಪದಾರ್ಥವಲ್ಲ. ಅನ್ನವಿಕ್ರಯವನ್ನು ಶಾಸ್ತ್ರ ಹೊಗಳಿದ್ದಿಲ್ಲ. ಅಂಥವರ ಕಣ್ಣೆದುರಿಗಿದ್ದ ದೊಡ್ಡ ಅಡುಗೆಮನೆ ಎಂದರೆ ಉಡುಪಿಯ ಕೃಷ್ಣಮಠದ್ದು. ವಾದಿರಾಜರು ಪರ್ಯಾಯವನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ಏರಿಸಿದ ಕಾಲದಿಂದ ಒಬ್ಬೊಬ್ಬ ಸ್ವಾಮಿಗಳೂ ತಮ್ಮ ಸರದಿಯಲ್ಲಿ ಬಂದವರಿಗೆಲ್ಲ ಊಟ ಹಾಕುವ ಹೊಣೆ ಹೊತ್ತ ಜಾಗ ಅದು. ಸಾವಿರ ಎಲೆಗೆ ಒಂದೇ ಹದದ ಸಾರು ಇಳಿಸುವುದು, ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿಯಿಲ್ಲದೆ, ಮುಂದಿನ ತಿಂಗಳು ಮೊಸರಿಲ್ಲದೆ, ಅದರ ಮುಂದೆ ಹಾಲಿಲ್ಲದೆ, ಕೊನೆಗೆ ಬೇಳೆಯಿಲ್ಲದೆ ಅಡುಗೆ ಮಾಡಿಯೂ ಉಂಡವರು ಮುಖ ಸಿಂಡರಿಸದಂತೆ ನೋಡಿಕೊಳ್ಳುವುದು, ಇವೆಲ್ಲ ಅಲ್ಲಿ ಕಲಿತ ವಿದ್ಯೆ. ಆ ವಿದ್ಯೆಗೆ ಊರಿನಲ್ಲಿ ದಕ್ಷಿಣೆ ಸಿಗುತ್ತಿತ್ತು, ಸಂಬಳವಲ್ಲ. 1923ರ ನೆರೆ, ಹತ್ತು ಮಕ್ಕಳ ಮನೆ, ಒಂದೂವರೆ ಬೆಳೆಯ ಗದ್ದೆ, ಆಮೇಲೆ 1974ರ ಭೂಸುಧಾರಣೆ, ಹೀಗೆ ಒಂದಲ್ಲ ಒಂದು ಕಾರಣ ಹುಡುಗರನ್ನು ಘಟ್ಟ ಹತ್ತಿಸಿತು. ಕಡಂದಲೆಯ ಕೃಷ್ಣರಾಯರು ಮದ್ರಾಸಿಗೆ ಹೋಗಿ ಅಡುಗೆಮನೆಯ ಚಾಕರಿಯಿಂದ ಮೇಲೆದ್ದು ವುಡ್‌ಲ್ಯಾಂಡ್ಸ್ ಕಟ್ಟಿದರು. ಕೋಟದ ಸೀಮೆಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ ದೊಡ್ಡವರ ಮನೆಯ ಅಡುಗೆಗೆ ನಿಂತು, 1924ರಲ್ಲಿ ಸಣ್ಣ ಹೋಟೆಲಿಟ್ಟರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಆ ಕಾಲದಲ್ಲಿ ಹೋಟೆಲಿನಲ್ಲಿ ತಿನ್ನುವುದೇ ಮಾನ ಹೋಗುವ ಕೆಲಸ. ಆಚಾರವಂತರು ಹಿತ್ತಿಲ ಬಾಗಿಲಿನಿಂದ ಒಳನುಗ್ಗಿ, ತಿಂದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದರು. ತಿನ್ನುವವರಿಗೇ ಅಷ್ಟು ನಾಚಿಕೆಯಾದರೆ ಮಾರುವವರಿಗೆ ಎಷ್ಟಾಗಿರಬೇಡ.

ರಾಯರ ಅತ್ಯಂತ ಅಸಹನೀಯ ಗುಣ ಅರ್ಥವಾಗುವುದು ಈ ಹಿನ್ನೆಲೆಯಲ್ಲಿ. ಅರ್ಥವಾದರೂ ಸಹ್ಯವಾಗುವುದಿಲ್ಲ, ಅದು ಬೇರೆ ಮಾತು. ಆ ಗುಣ ಅವರ ಆತ್ಮಕಥೆ. ಪುಸ್ತಕವಾಗಿದ್ದರೆ ಕೊಳ್ಳದೆ ಪಾರಾಗಬಹುದಿತ್ತು. ಇದು ಚಿಲ್ಲರೆಯ ಜತೆಗೆ ಬರುತ್ತದೆ. ಗಿರಾಕಿ ಐನೂರರ ನೋಟು ಕೊಟ್ಟು ಕೈ ಚಾಚಿ ನಿಂತಿರುತ್ತಾನೆ, ಹೊರಗೆ ಆಟೋದ ಮೀಟರ್ ಓಡುತ್ತಿರುತ್ತದೆ, ಹಿಂದೆ ನಿಂತ ಎಂಟು ಜನ ನಿಟ್ಟುಸಿರು ಬಿಡುತ್ತಿರುತ್ತಾರೆ. ರಾಯರು ನೋಟನ್ನು ಬೆಳಕಿಗೆ ಹಿಡಿದು ಗಾಂಧಿಯನ್ನು ಎರಡೂ ಕಡೆಯಿಂದ ಪರೀಕ್ಷಿಸುತ್ತ, ‘ಊರು ಬಿಟ್ಟಾಗ ನಾನು ಇಂಥದರ ಮುಖ ಕಂಡವನಲ್ಲ ಮಾರಾಯ್ರೆ’ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಮುಂದಿನ ಅಧ್ಯಾಯಗಳು ಎಲ್ಲರಿಗೂ ಬಾಯಿಪಾಠ: ಅರ್ಧಕ್ಕೆ ನಿಂತ ಶಾಲೆ, ಆಟಿಯ ಮಳೆ, ಸೋರುವ ಮಾಡು, ಲೋಟ ತೊಳೆದು ಬಿಳಿಚಿದ ಬೆರಳು, ರುಬ್ಬುವ ಕಲ್ಲಿನ ಪಕ್ಕದಲ್ಲೇ ಗೋಣಿ ಹಾಸಿ ಮಲಗಿದ್ದು. ಆದರೆ ಒಂದು ವಿವರ ಮಾತ್ರ ಪ್ರತಿ ಆವೃತ್ತಿಯಲ್ಲೂ ಪರಿಷ್ಕೃತವಾಗುತ್ತ ಹೋಗುತ್ತದೆ. ಹೊರಡುವ ದಿನ ಅಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟ ದುಡ್ಡು, ಒಂದೇ ಹೋಟೆಲಿದ್ದ ದಿನಗಳಲ್ಲಿ ಇಪ್ಪತ್ತೈದು ರೂಪಾಯಿ. ಎರಡನೆಯ ಶಾಖೆ ತೆರೆದಾಗ ಹನ್ನೊಂದು. ಕಲ್ಯಾಣಮಂಟಪದ ತಾರಸಿ ಏಳುವಷ್ಟರಲ್ಲಿ ಮೂರೂವರೆ. ಅರವತ್ತರ ಶಾಂತಿಗೆ ಅಭಿನಂದನ ಗ್ರಂಥ ಅಚ್ಚಾಗುವ ಹೊತ್ತಿಗೆ ಸೆರಗಿನ ಗಂಟಿನಲ್ಲಿ ಆಶೀರ್ವಾದ ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಆಸ್ತಿ ಬೆಳೆದಂತೆ ಬಂಡವಾಳ ಕರಗುವ ಈ ಗಣಿತ ಯಾವ ಲೆಕ್ಕಪರಿಶೋಧಕನಿಗೂ ದಕ್ಕದು. ನನ್ನ ವಾದದಲ್ಲಿ ಮಾತ್ರ ಇದಕ್ಕೆ ನೇರವಾದ ಅರ್ಥವಿದೆ. ಬಂಡವಾಳ ಹಾಕಿ ಲಾಭ ತೆಗೆದವನು ವ್ಯಾಪಾರಿ. ಬರಿಗೈಯಲ್ಲಿ ಬಂದವನಿಗೆ ಸಿಕ್ಕದ್ದು ಪ್ರಸಾದ. ರಾಯರು ಗಲ್ಲಾದಲ್ಲಿ ಕೂತು ಹೇಳುತ್ತಿರುವುದು ಸಾಧನೆಯ ಕಥೆಯಲ್ಲ, ಜಾಮೀನು ಅರ್ಜಿ.

ಕೇಳಿಸಿಕೊಳ್ಳುವವರಾದರೂ ಸಾಚಾಗಳೇ ಎಂದರೆ ಅಲ್ಲ. ಒಂದು ಕಾಫಿಯನ್ನು ಬೈಟು ಮಾಡಿಸಿ, ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಕನ್ನಡ ಸಾಹಿತ್ಯವನ್ನು ಬುಡದಿಂದ ತುದಿಯವರೆಗೆ ಅಲ್ಲಾಡಿಸಿ ಏಳುವ ನಮ್ಮಂಥ ಬರಹಗಾರರು ರಾಯರಿಗೆ ಕೊಟ್ಟ ಆದಾಯ ಎಷ್ಟೆಂದು ಲೆಕ್ಕ ಹಾಕಿದರೆ, ‘ಹೆಚ್ಚು ಹೊತ್ತು ಕೂರಬೇಡಿ’ ಎಂಬ ಬೋರ್ಡಿನ ಕಾವ್ಯಗುಣ ತಿಳಿಯುತ್ತದೆ.

ಇನ್ನು ಸಾಂಬಾರಿನ ವಿಷಯ. ಇಡ್ಲಿಗೆ ಬೆಲೆಯಿದೆ, ವಡೆಗೆ ಬೆಲೆಯಿದೆ. ಸಾಂಬಾರು, ಚಟ್ನಿ ಎಷ್ಟು ಸಲ ಕೇಳಿದರೂ ಹಾಕಬೇಕು ಎಂಬುದು ಹಳೆಯ ಉಡುಪಿ ಹೋಟೆಲಿನ ಅಲಿಖಿತ ಕಾನೂನು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಶುರುವಾದ ಎ. ರಾಮನಾಯಕರ ಶ್ರೀಕೃಷ್ಣ ಬೋರ್ಡಿಂಗಿನಂಥ ಕಡೆ ಬಾಳೆಲೆಯ ಮುಂದೆ ಕೂತವರಿಗೆ ‘ಸಾಕು’ ಎನ್ನುವ ಕೆಲಸವನ್ನಷ್ಟೇ ಬಿಟ್ಟಿದ್ದರು. ಇದು ಸಂಕೋಚವಲ್ಲ, ಶುದ್ಧ ವ್ಯಾಪಾರಿ ಜಾಣತನ ಎಂದು ಆಕ್ಷೇಪಿಸಬಹುದು: ಬೇಳೆ ನೀರಿನ ಖರ್ಚು ಎಷ್ಟು ಮಹಾ, ಅದರಿಂದ ಬರುವ ಗಿರಾಕಿ ಎಷ್ಟು! ಒಪ್ಪೋಣ. ಆದರೆ ಜಾಣತನವಷ್ಟೇ ಆಗಿದ್ದರೆ ರಾಯರು ಸಾಂಬಾರನ್ನು ಪುಕ್ಕಟೆ ಕೊಡುವಾಗ ನಗುನಗುತ್ತಲೂ ಇಡ್ಲಿಯ ಬೆಲೆ ಏರಿಸುವಾಗ ಗೋಳಾಡುತ್ತಲೂ ಇರಬೇಕಿರಲಿಲ್ಲ. ಚಿನ್ನದ ಅಂಗಡಿಯವನು ದರ ಏರಿದ್ದಕ್ಕೆ ಗಿರಾಕಿಯ ಕ್ಷಮೆ ಕೇಳುವುದಿಲ್ಲ. ಇವರು ದೋಸೆಗೆ ಐದು ರೂಪಾಯಿ ಹೆಚ್ಚಿಸುವ ಮೊದಲು ಉದ್ದಿನ ಬೇಳೆ, ಗ್ಯಾಸು, ಬಾಡಿಗೆ, ಕೇಂದ್ರ ಸರ್ಕಾರ, ಎಲ್ಲವನ್ನೂ ಸಾಕ್ಷಿಗೆ ಕರೆಯುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಕಡಿವಾಣ ಹಾಕಿದಾಗ ಮಾವಳ್ಳಿಯ ಹೋಟೆಲಿನವರು ಗುಣಮಟ್ಟ ಇಳಿಸಲು ಒಪ್ಪದೆ, ಅಂದಂದಿನ ನಷ್ಟವನ್ನು ಹೊರಗೆ ಬೋರ್ಡಿನಲ್ಲಿ ಬರೆದು ಹಾಕುತ್ತಿದ್ದರು. ನಷ್ಟವನ್ನು ಜಾಹೀರು ಮಾಡುವ ವ್ಯಾಪಾರ ಲೋಕದಲ್ಲಿ ಇನ್ನೊಂದು ಇರಲಾರದು. ಲಾಭವೇ ಕಳಂಕವಾಗಿರುವ ಕಡೆ ಮಾತ್ರ ನಷ್ಟ ಬಿರುದಾಗುತ್ತದೆ.

ಭಕ್ತಿಯ ಕಡೆಗೆ ಬಂದರೆ ಸಾಕ್ಷ್ಯ ಇನ್ನೂ ದಟ್ಟ. ಏಕಾದಶಿಯ ದಿನ ರಾಯರನ್ನು ನೋಡಬೇಕು. ತಾವು ಗುಟುಕು ನೀರಿನಲ್ಲಿದ್ದುಕೊಂಡು, ಕಣ್ಣೆದುರಿಗೆ ಲೋಕವೆಲ್ಲ ಈರುಳ್ಳಿ ದೋಸೆ ಮುರಿಯುವುದನ್ನು ಬೆಳಗಿನಿಂದ ರಾತ್ರಿಯವರೆಗೆ ನೋಡುತ್ತ, ಅದಕ್ಕೆ ಬಿಲ್ಲು ಹರಿಯುತ್ತ ಕೂತಿರುತ್ತಾರೆ. ಮಠದ ಅಡುಗೆಗೆ ಈರುಳ್ಳಿ ನಿಷಿದ್ಧ. ಮಸಾಲೆದೋಸೆಯ ಪಲ್ಯಕ್ಕೆ ಅದೇ ಪ್ರಾಣ. ಈ ನಡುವಿನ ಕಂದಕವನ್ನು ದಾಟಲೆಂದೇ ಪರ್ಯಾಯಕ್ಕೆ ಹೊರೆಕಾಣಿಕೆಯ ಲಾರಿ ಹೊರಡುತ್ತದೆ, ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ದೊಡ್ಡ ಮೊತ್ತ ಹೋಗುತ್ತದೆ, ಅನ್ನದಾನದ ದಾನಿಗಳ ಕಲ್ಲಿನಲ್ಲಿ ಹೆಸರು ಕೆತ್ತಲ್ಪಡುತ್ತದೆ. ದಾನಗಳಲ್ಲಿ ರಾಯರು ಅನ್ನದಾನವನ್ನೇ ಆರಿಸುತ್ತಾರೆ ಎಂಬುದನ್ನು ಗಮನಿಸಿ. ಗಲ್ಲಾದಲ್ಲಿ ಮಾರಿದ್ದನ್ನೇ ದೇವರ ಮುಂದೆ ಬಿಟ್ಟಿ ಕೊಟ್ಟು ಖಾತೆ ಸರಿಮಾಡುವುದು. ಇದೆಲ್ಲ ಬ್ರಾಹ್ಮಣರ ಅಳುಕು, ಶೆಟ್ಟರ, ಪೂಜಾರಿಗಳ ಹೋಟೆಲಿಗೆ ಅನ್ವಯಿಸದು ಎನ್ನುವವರಿದ್ದಾರೆ. ಅಂಥವರು ಕಟೀಲು ಯಕ್ಷಗಾನ ಮೇಳವನ್ನು ನೋಡಲಿ. ಅದರ ಹರಕೆಯಾಟಗಳು ಎಷ್ಟೋ ವರ್ಷ ಮೊದಲೇ ನಿಗದಿಯಾಗಿ ಹೋಗಿರುತ್ತವೆ. ಆಟ ಆಡಿಸುವ ಮನೆಯಂಗಳದಲ್ಲಿ ಊರಿಗೆ ಊರೇ ಉಂಡು ಹೋಗುತ್ತದೆ. ಆ ಖರ್ಚಿನ ಹಿಂದೆ ಮುಂಬಯಿಯ ಗಲ್ಲಾಗಳು ಎಷ್ಟಿವೆಯೆಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಶಾಸ್ತ್ರ ಓದದವರಿಗೂ ಅನ್ನದ ಹಂಗು ಇದ್ದೇ ಇದೆ.

ಭಕ್ತಿಯಿಂದ ವ್ಯವಹಾರಕ್ಕೆ ಲಾಭವಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಮಡಿಯೇ ಇವರ ಮೊದಲ ಜಾಹೀರಾತು. 1951ರಲ್ಲಿ ಮಾವಳ್ಳಿಯ ಹೋಟೆಲಿನ ಯಜ್ಞನಾರಾಯಣ ಮಯ್ಯರು ಯೂರೋಪು ಸುತ್ತಿ ಬಂದು ತಟ್ಟೆ ಲೋಟಗಳನ್ನು ಹಬೆಯಲ್ಲಿ ಶುಚಿಮಾಡುವ ಕ್ರಮ ತಂದರು. ಅಲ್ಲಿಗೆ ಅಜ್ಜಿಯ ಮಡಿ ವಿಲಾಯತಿಯ ನೈರ್ಮಲ್ಯದ ಕೈ ಕುಲುಕಿತು. ಆದರೆ ಅದೇ ಮಡಿಗೆ ಇನ್ನೊಂದು ಮುಖವಿತ್ತು, ಅದನ್ನು ಅಭಿನಂದನ ಗ್ರಂಥಗಳು ಹೇಳುವುದಿಲ್ಲ. ಜಾತಿಗೊಂದು ಸಾಲು, ಕೆಲವರಿಗೆ ಹೊರಗಿನ ಜಗಲಿ, ಬೇರೆ ಲೋಟ, ಬೋರ್ಡಿನಲ್ಲಿ ಬ್ರಾಹ್ಮಣರ ಹೋಟೆಲ್ ಎಂಬ ಬಿರುದು. 1957ರಲ್ಲಿ ಪೆರಿಯಾರ್ ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಅಂಥದೊಂದು ಬೋರ್ಡಿನಿಂದ ಆ ಪದ ಅಳಿಸಬೇಕೆಂದು ಚಳವಳಿಯನ್ನೇ ನಡೆಸಬೇಕಾಯಿತು. ಅನ್ನವನ್ನು ಎಲ್ಲರಿಗೂ ಮಾರಲು ಹೊರಟವರು ಪಂಕ್ತಿಯನ್ನು ಎಲ್ಲರಿಗೂ ತೆರೆಯಲು ಹಿಂಜರಿದರು. ನನ್ನ ಸಂಕೋಚದ ಸಿದ್ಧಾಂತ ಇದನ್ನು ಮನ್ನಿಸುವುದಿಲ್ಲ. ಮಾರುವುದಕ್ಕೆ ನಾಚಿದವರು ಬೇರೆ ಕೂರಿಸುವುದಕ್ಕೆ ನಾಚಲಿಲ್ಲ ಎಂಬುದು ಅವರ ಲೆಕ್ಕದಲ್ಲಿ ಈಗಲೂ ಉಳಿದ ಬಾಕಿ. ಆದರೂ ರಾಯರ ಧರ್ಮಬುದ್ಧಿ ಹಿಂಜರಿದ ಕೆಲಸವನ್ನು ಅವರ ಗಲ್ಲಾವೇ ಮಾಡಿತು. ಒಂದೇ ಮೇಜಿಗೆ ನಾಲ್ಕು ಜನ ಅಪರಿಚಿತರನ್ನು ಕೂರಿಸದಿದ್ದರೆ ಬೆಳಗಿನ ಗದ್ದಲದಲ್ಲಿ ವ್ಯಾಪಾರ ಸಾಗುವುದಿಲ್ಲ. ನಾಲ್ವರ ಜಾತಿ ವಿಚಾರಿಸುತ್ತ ನಿಂತರೆ ದೋಸೆ ಸೀದುಹೋಗುತ್ತದೆ.

ಸಂಸಾರದ ಅಧ್ಯಾಯದಲ್ಲಿ ರಾಯರು ಭಾವುಕರಾಗುತ್ತಾರೆ. ಹೋಟೆಲಿನವರೆಲ್ಲ ನಮ್ಮ ಮನೆಯವರೇ ಎನ್ನುತ್ತಾರೆ. ಮಾತು ಅಕ್ಷರಶಃ ನಿಜ: ಸ್ಟೋರಿನಲ್ಲಿ ಭಾವ, ಕಾಫಿಗೆ ಚಿಕ್ಕಪ್ಪನ ಮಗ, ಬಡಿಸಲು ಅಕ್ಕನ ಮಗ, ಕ್ಲೀನಿಂಗಿಗೆ ಪಕ್ಕದ ಮನೆಯ ಮಾಣಿ. ಮನೆಯವರೆಂದ ಮೇಲೆ ಸಂಬಳದ ಮಾತೆತ್ತುವುದು ಅಸಭ್ಯತೆ, ರಜೆ ಕೇಳುವುದು ಕೃತಘ್ನತೆ. ಹೋಟೆಲುಗಳಲ್ಲಿ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ 2006ರಲ್ಲಿ ಬಂತು. ಅಲ್ಲಿಯವರೆಗೆ ಎಷ್ಟು ಮಾಣಿಗಳ ಶಾಲೆ ತಟ್ಟೆ ತೊಳೆಯುವ ತೊಟ್ಟಿಯಲ್ಲಿ ಮುಳುಗಿತೋ! ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಅಂಥ ಅನೇಕರನ್ನು ಎತ್ತಿ ದಡಕ್ಕೆ ಹಾಕಿದವು, ಅವಕ್ಕೆ ಹಣ ಕೊಟ್ಟವರಲ್ಲಿ ಹೋಟೆಲಿನವರೂ ಇದ್ದರು. ಹಗಲು ದುಡಿಸಿದವರೇ ರಾತ್ರಿ ಓದಿಸಿದರು. ದಾನ ಕೊಟ್ಟು ಖಾತೆ ಸರಿಮಾಡುವ ಅದೇ ವರಸೆ. ಇನ್ನು, ವರ್ಷಕ್ಕೊಮ್ಮೆ ಊರಿಗೆ ಬರುವ ಗಂಡನ ಮನಿಯಾರ್ಡರಿನಲ್ಲಿ ಅತ್ತೆಯನ್ನೂ ಗದ್ದೆಯನ್ನೂ ಹಸುವನ್ನೂ ಮಕ್ಕಳನ್ನೂ ಸಾಕಿದ ಹೆಂಗಸಿನ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ‘ಸ್ವಂತ ದುಡಿಮೆ’ ಎಂಬ ಮಾತಿನಲ್ಲಿ ಸ್ವಂತದ್ದು ಕಾಲುಭಾಗವಾದರೆ ಹೆಚ್ಚು. ಇಷ್ಟು ಹೇಳಿಯೂ ಒಂದು ಮಾತು ಸೇರಿಸಬೇಕು. ಊರಿನಿಂದ ಟ್ರಂಕು ಹಿಡಿದು ಬಂದ ಅಪರಿಚಿತ ಹುಡುಗನಿಗೆ ಏನೂ ಕೇಳದೆ ಮೊದಲು ಊಟ ಹಾಕಿಸಿ, ಆಮೇಲೆ ಅಪ್ಪನ ಹೆಸರು ವಿಚಾರಿಸುತ್ತಿದ್ದವರು ಇವರೇ. ಎಂಟು ಹತ್ತು ವರ್ಷ ದುಡಿದ ಕೆಲಸಗಾರನಿಗೆ ಕಂತಿನ ಮೇಲೆ ಹೋಟೆಲು ಬಿಟ್ಟುಕೊಟ್ಟು, ನಾಲ್ಕು ಬೀದಿಯಾಚೆ ತಮಗೇ ಪ್ರತಿಸ್ಪರ್ಧಿಯನ್ನು ಹುಟ್ಟಿಸಿಕೊಂಡವರೂ ಇವರಲ್ಲಿದ್ದರು.

ಮಕ್ಕಳ ಕಾಲಕ್ಕೆ ಈ ಸಂಕೋಚ ಅಳಿಯಿತು ಎಂಬುದು ಕೊನೆಯ ಆಕ್ಷೇಪ, ಅದೇ ಎಲ್ಲಕ್ಕಿಂತ ಬಲವಾದದ್ದು. 1983ರಲ್ಲಿ ಜಯನಗರದಲ್ಲಿ ದರ್ಶಿನಿ ಬಂದ ಮೇಲೆ ಗಿರಾಕಿ ಮೊದಲು ದುಡ್ಡು ಕೊಟ್ಟು ಚೀಟಿ ಪಡೆದು, ಆಮೇಲೆ ನಿಂತುಕೊಂಡೇ ತಿನ್ನತೊಡಗಿದ. ಗಲ್ಲಾದಲ್ಲಿ ಆತ್ಮಕಥೆಗೆ ಸಮಯವಿಲ್ಲ. ಎಂಬಿಎ ಓದಿದ ಮಗ ಸಾಂಬಾರಿಗೂ ಅಳತೆಯ ಬಟ್ಟಲು ತಂದಿದ್ದಾನೆ, ಎರಡನೆಯ ಸಲಕ್ಕೆ ಬೆಲೆ ಕಟ್ಟಿದ್ದಾನೆ, ನೋಟಿನ ಜಾಗಕ್ಕೆ ಕ್ಯೂಆರ್ ಕೋಡ್ ಅಂಟಿಸಿದ್ದಾನೆ. ಸರತಿ ಬೇಗ ಸಾಗುತ್ತದೆ, ನಿಜ. ಆದರೂ ಮಾವಳ್ಳಿಯ ಮನೆತನದ ನಡೆ ನನ್ನ ವಾದಕ್ಕೆ ಒಂದಿಷ್ಟು ಉಸಿರು ಉಳಿಸುತ್ತದೆ. ತುರ್ತುಪರಿಸ್ಥಿತಿಯಲ್ಲಿ ಹೋಟೆಲಿನ ಬಾಗಿಲು ಹಾಕಬೇಕಾಗಿ ಬಂದಾಗ ಕೆಲಸಗಾರರನ್ನು ಉಳಿಸಿಕೊಳ್ಳಲು ಅವರು ಹಿಟ್ಟು, ಪುಡಿಗಳ ವ್ಯಾಪಾರಕ್ಕೆ ಕೈಹಾಕಿದರು. ಅದು ಹೋಟೆಲನ್ನೂ ಮೀರಿ ಬೆಳೆಯಿತು. 2007ರಲ್ಲಿ ಅದನ್ನು ನಾರ್ವೆಯ ಓರ್ಕ್ಲಾ ಕಂಪನಿಗೆ ಮಾರಿದರು. ಲಾಲ್‌ಬಾಗ್ ರಸ್ತೆಯ ಹೋಟೆಲನ್ನು ಮಾತ್ರ ಮನೆಯವರೇ ಇಟ್ಟುಕೊಂಡರು. ಪುಡಿ ಸರಕು, ಅದರ ಮಾರಾಟಕ್ಕೆ ಯಾರ ಅಪ್ಪಣೆಯೂ ಬೇಡ. ಎಲೆಯ ಮುಂದೆ ಕೂತವರಿಗೆ ಬಡಿಸುವ ಜಾಗವನ್ನು ಬೇರೆಯವರ ಕೈಗೆ ಕೊಡಬೇಕೆಂದರೆ, ಎಂಬಿಎ ಆದವನೂ ಒಮ್ಮೆ ಗೋಡೆಯ ಮೇಲಿನ ಅಜ್ಜನ ಫೋಟೋ ನೋಡಿ, ಆಮೇಲೆ ವಕೀಲರಿಗೆ ಫೋನ್ ಮಾಡುವುದನ್ನು ಮುಂದಿನ ವಾರಕ್ಕೆ ಹಾಕುತ್ತಾನೆ.